ಮಾವನವರು ಹುರಿದ ನ್ಯಾರಿ

ನಮ್ಮ ಮಾವನವರಿಗೆ ಹುಚ್ಚು ಹಿಡಿದಿದೆ ಎಂದು ರೋಣದ ಅರ್ಧ ಜನ ಹೇಳುತ್ತಿದ್ದರು. ಉಳಿದರ್ಧ ಜನ ಇನ್ನೂ ನಮ್ಮ ಮನೆಯಲ್ಲಿ ನ್ಯಾರಿ, ಅಂದರೆ ಮುಂಜಾನೆಯ ತಿಂಡಿ, ಮಾಡಿರಲಿಲ್ಲ, ಅಷ್ಟೇ!

ಅವರ ಹೆಸರು ಮಾತ್ರ ಕೇಳಬೇಡಿ. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವುದುಂಟೆ? ಹೆಸರು ಹಾಗಿರಲಿ, ಎದುರು ನಿಂತು ಒಂದು ಮಾತಾಡುವಂತೆಯೂ ಇರಲಿಲ್ಲ. ನರಗುಂದದ ಗುಡ್ಡದ ಮೇಲೆ ಇನ್ನೂ ರಾಜರ ನಿಶಾನೆ ಹಾರುತ್ತಿದ್ದ ಕಾಲ ಅದು. ಮಾವ ಬಂದರೆ ಸೊಸೆ ಸೆರಗು ಎಳೆದುಕೊಂಡು ಕಂಬದ ಮರೆಗೆ ಸರಿಯಬೇಕು. ಹಾಗಾದರೆ ನಾವಿಬ್ಬರೂ ಮಾತಾಡುತ್ತಿದ್ದದ್ದು ಹೇಗೆ? ಎಮ್ಮೆಯ ಮೂಲಕ! ನಮ್ಮ ಕಡೆಯ ಮನೆಗಳಲ್ಲಿ ತಲೆಬಾಗಿಲು ದಾಟಿದರೆ ಮೊದಲು ದನಗಳು, ಆಮೇಲೆ ಮನುಷ್ಯರು. ಮಾವನವರು ಎಮ್ಮೆಯ ಕೊಂಬಿನ ಕಡೆ ನಿಂತು ಕೇಳುತ್ತಿದ್ದರು, ನಾನು ಬಾಲದ ಕಡೆ ನಿಂತು ಉತ್ತರ ಕೊಡುತ್ತಿದ್ದೆ.

"ಏನವಾ ಎಮ್ಮಿ, ಇವತ್ತ ಮುಂಜಾನೆ ಹೊಟ್ಟ್ಯಾಗ ಏನರ ನಿಂತೈತೇನು?"

"ಇಲ್ಲಂತ ಹೇಳವಾ. ರೊಟ್ಟಿ ವಾಸನಿ ಬಡದಕೂಡ್ಲೆ ಎಲ್ಲಾ ಹೊಳ್ಳಿ ಬಂತಂತ ಹೇಳು."

ಎಮ್ಮೆ ಯಾರಿಗೂ ಏನೂ ಹೇಳದೆ ಮೆಲುಕು ಹಾಕುತ್ತಿತ್ತು. ಅಷ್ಟು ಗುಟ್ಟು ಕಾಯುವ ಪ್ರಾಣಿಯನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ.

ನಾನಾಗ ಬಸುರಿ. ಹಿಂದಿನ ಸಲದ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲವೂ ಅದೇ ಹಾಡು: ಮುಂಜಾನೆ ಎದ್ದರೆ ವಾಂತಿ, ತಿಂದರೆ ವಾಂತಿ, ತಿನ್ನದಿದ್ದರೆ ಕಣ್ಣು ಕತ್ತಲೆ. ಸೂಲಗಿತ್ತಿ ನಾಡಿ ಹಿಡಿದು ನೋಡಿ, ಅತ್ತೆಯ ಮುಂದೆ ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟಿದ್ದಳು: "ಹೊಟ್ಟಿಗೆ ಅನ್ನ ನಿಲ್ಲದಿದ್ರ ಕೂಸೂ ನಿಲ್ಲೂದಿಲ್ಲ, ಈಕೀನೂ ನಿಲ್ಲೂದಿಲ್ಲ." ಅದು ಮಾವನವರ ಕಿವಿಗೆ ಬಿತ್ತು. ಮರುದಿನವೇ ಅವರು ತೀರ್ಪು ಕೊಟ್ಟರು, ಎಮ್ಮೆಗೆ.

"ತಪ್ಪು ಸೊಸೀದಲ್ಲ. ರೊಟ್ಟೀದು!"

ರೋಣದಲ್ಲಿ ನಿಂತು ರೊಟ್ಟಿಯನ್ನು ಬಯ್ಯುವುದೆಂದರೇನು! ತಂಗಳ ರೊಟ್ಟಿ, ಕೆನೆಮೊಸರು, ಗುರೆಳ್ಳು ಚಟ್ನಿ ಇವಿಲ್ಲದೆ ಇಲ್ಲಿ ಸೂರ್ಯನೂ ಮೇಲೇರುವುದಿಲ್ಲ. ಆದರೆ ಮಾವನವರು ಸುಮ್ಮನೆ ಕೂಡುವ ಆಸಾಮಿಯಲ್ಲ. ವಾಸನೆ ಬರದ, ಒಣಗಿದ, ಗರಿಗರಿಯಾದ ಬೇರೊಂದು ನ್ಯಾರಿಯನ್ನು ತಾವೇ ಕಂಡುಹಿಡಿಯುವುದಾಗಿ ಹೊರಟರು. ಹತ್ತಿ ವ್ಯಾಪಾರ ಮಾಡಿಕೊಂಡಿದ್ದ ಗಂಡಸು, ಅಡಿಗೆಮನೆ ಯಾವ ಮೂಲೆಯಲ್ಲಿದೆ ಎಂದು ವಾಸನೆಯಿಂದಷ್ಟೇ ತಿಳಿದಿದ್ದವರು, ಒಂದು ದಿನ ಧೋತರ ಮೇಲೆ ಕಟ್ಟಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತೇಬಿಟ್ಟರು. ಅತ್ತೆ ಎದೆ ಹಿಡಿದುಕೊಂಡು ಹೊರಗೆ ಬಂದರು.

ಮೊದಲು ಜೋಳದ ಅಳ್ಳು. ಜೋಳಕ್ಕೆ ನೀರು ಚಿಮುಕಿಸಿ, ಕಾದ ಗಡಿಗೆಗೆ ಹಾಕಿ, ತಟ್ಟೆ ಮುಚ್ಚಿದರೆ ಅರಳುತ್ತದೆ. ಇದು ಪಂಚಮಿ ಹಬ್ಬದ ಮುಂದೆ ಎಲ್ಲರ ಮನೆಯಲ್ಲೂ ನಡೆಯುವುದೇ. ಮಾವನವರು ಎಲ್ಲವನ್ನೂ ಸರಿಯಾಗಿ ಮಾಡಿದರು, ಮುಚ್ಚುವುದೊಂದನ್ನು ಬಿಟ್ಟು. ಅಳ್ಳು ಜಂತಿಗೆ ಹಾರಿತು, ಅತ್ತೆಯ ಕುಂಕುಮದ ಬಟ್ಟಲಿಗೆ ಹಾರಿತು, ಮಾವನವರ ರುಮಾಲಿನ ಸುತ್ತುಗಳಲ್ಲಿ ಮಲ್ಲಿಗೆ ಮುಡಿದಂತೆ ಕೂತಿತು. ಎಮ್ಮೆ ಹಗ್ಗ ಹರಿದುಕೊಂಡು ಓಣಿಗೆ ಓಡಿತು. ನನ್ನ ಪಾಲಿಗೆ ಉಳಿದದ್ದು ಒಂದು ಹಿಡಿ. ಅದೂ ಗಂಟಲಿಗೆ ಅಂಟಿ, ಹೋದ ದಾರಿಯಲ್ಲೇ ಹೊರಗೆ ಬಂತು.

"ಚಿಂತಿಲ್ಲ," ಎಂದರು ಮಾವನವರು ಖಾಲಿ ಗೂಟಕ್ಕೆ. "ಉಸುಕಿನ್ಯಾಗ ಹುರೀಬೇಕಾಗಿತ್ತು."

ಉಸುಕು ತರಲು ಬಂಡಿ ಕಟ್ಟಿಕೊಂಡು ಮೆಣಸಗಿಯ ಹೊಳೆದಂಡೆಗೆ ಹೋದರು. ಕಾಳು ಹುರಿಯಲು ಬೇಕಾಗುವುದು ಒಂದು ಬುಟ್ಟಿ ಉಸುಕು. ಇವರು ತಂದದ್ದು ಬಂಡಿ ತುಂಬ! ಬಾಗಿಲ ಮುಂದೆ ಸುರಿದ ಗುಡ್ಡೆಯನ್ನು ನೋಡಿ ಹೋಗಿ ಬರುವವರೆಲ್ಲ, "ಏನ್ರಿ, ವಾಡೆ ಕಟ್ಟಸಾಕ್ಹತ್ತೀರೇನು?" ಎಂದು ಕೇಳತೊಡಗಿದರು. ಆ ಉಸುಕಿನಲ್ಲಿ ನವಣೆ ಹುರಿದರು, ಸಜ್ಜೆ ಹುರಿದರು, ಹೆಸರು ಹುರಿದರು. ಜರಡಿ ಹಿಡಿಯುವ ತಾಳ್ಮೆ ಗಂಡಸರಿಗೆ ಎಲ್ಲಿಂದ ಬರಬೇಕು? ನಾವೆಲ್ಲ ಕಾಳಿನ ಜೊತೆ ಅರ್ಧ ಮಲಪ್ರಭೆಯನ್ನೂ ಅಗಿದೆವು.

ಅಲ್ಲಿಗೆ ಬಿಟ್ಟರೆ? ಊಹೂಂ. ಒಂದು ಮುಂಜಾನೆ ಎಮ್ಮೆಯನ್ನೇ ದಿಟ್ಟಿಸಿ ನೋಡುತ್ತ ನಿಂತರು. ಎಮ್ಮೆ ದಿನಾ ತಿನ್ನುವುದು ಹತ್ತಿಕಾಳು. ತಿಂದು ಹೇಗಿದೆ? ಗುಂಡಗೆ, ಮಿರಿಮಿರಿ ಮಿಂಚುತ್ತಿದೆ, ವರ್ಷಕ್ಕೊಂದು ಕರು! ವಾಂತಿ ಮಾಡಿದ್ದನ್ನು ಯಾರಾದರೂ ಕಂಡಿದ್ದಾರೆಯೆ? ತಡವೇಕೆ, ಹತ್ತಿಕಾಳು ಗಡಿಗೆಗೆ ಬಿತ್ತು. ಎಣ್ಣೆಕಾಳು ಅದು, ಸುಮ್ಮನಿರುತ್ತದೆಯೆ! ಮನೆ ತುಂಬ ಕಪ್ಪು ಹೊಗೆ. ಬೆಳಕಿಂಡಿಯಿಂದ ಮೇಲೆದ್ದ ಹೊಗೆಯನ್ನು ನೋಡಿ ಓಣಿಯವರು ಕೊಡ ಹಿಡಿದು ಓಡಿ ಬಂದು ಮಾವನವರ ತಲೆಯ ಮೇಲೇ ನೀರು ಸುರಿದರು.

"ಬೆಂಕಿ ಎಲ್ಲಿ ಐತ್ರೀ? ಬೆಂಕಿ ಎಲ್ಲಿ?"

"ಬೆಂಕಿ ಅಲ್ರೋ," ಎಂದರು ಮಾವನವರು ಮೀಸೆಯ ನೀರು ಹಿಂಡುತ್ತ, "ನ್ಯಾರಿ!"

ಆಮೇಲೆ ಗಜೇಂದ್ರಗಡದ ಸಂತೆಗೆ ಹೋಗಿ ಬೆಲ್ಲ, ಎಳ್ಳು, ಒಣಕೊಬ್ಬರಿ, ಗಸಗಸೆ ತಂದರು. ಹುರಿದ ಕಾಳನ್ನು ಬೆಲ್ಲದ ಪಾಕದಲ್ಲಿ ಕಲಸಿ, ಹಂಚಿನ ಮೇಲೆ ಹರಡಿ, ಮೇಲೊಂದು ಹಂಚು ಕವುಚಿ, ಅದರ ಮೇಲೂ ಕೆಂಡ ಹಾಕಿ ಬೇಯಿಸುವುದು: ಇದು ಹೊಸ ಯೋಚನೆ. ವಾಸನೆಯೇನೋ ಘಮ್ಮೆಂದಿತು. ಅಂದು ನರಗುಂದದಿಂದ ಜವಳಿ ವ್ಯಾಪಾರಿಯೊಬ್ಬರು ಬಂದಿದ್ದರು. ಮೊದಲ ತುಂಡು ಅತಿಥಿಗೇ ಸಲ್ಲಬೇಕಲ್ಲ! ಕಡಿದರು. ಕಟ್ ಎಂದಿತು. ಮುರಿದದ್ದು ತುಂಡಲ್ಲ. ವ್ಯಾಪಾರಿ ಮಧ್ಯಾಹ್ನವೇ ನರಗುಂದಕ್ಕೆ ಹೊರಟರು. ಅವರ ಮುಂದಿನ ಹಲ್ಲು ಮಾತ್ರ ರೋಣದಲ್ಲೇ ಉಳಿಯಿತು.

ನಗುತ್ತಿದ್ದೀರಿ. ನಾನೂ ಸೆರಗಿನೊಳಗೆ ನಗುತ್ತಿದ್ದೆ. ಆದರೆ ನಕ್ಕರೂ ಸಾಕು, ಹೊಟ್ಟೆ ತೊಳಸಿ ಬರುತ್ತಿತ್ತು. ಬಳೆಗಳು ಮೊಣಕೈ ತನಕ ಸರಿಯುವಷ್ಟು ಸೊರಗಿದ್ದೆ. ಬಚ್ಚಲಲ್ಲಿ ಕೂತು, ಈ ಸಲವೂ ಹೋಗುತ್ತದೆ ಎಂದು ಒಬ್ಬಳೇ ಅಳುತ್ತಿದ್ದೆ. ಹತ್ತಿ ಬಂಡಿಗಳ ಹಿಂದೆ ಊರೂರು ತಿರುಗುತ್ತಿದ್ದ ಗಂಡನಿಗೆ ಅದನ್ನೆಲ್ಲ ಹೇಳುವುದೆಂದು?

ಹೀಗಿರುವಾಗ ಒಂದು ಮುಂಜಾನೆ ಎಮ್ಮೆಯ ಬೆನ್ನಿನ ಮೇಲೆ ಒಂದು ಬಟ್ಟಲು ಬಂದು ಕೂತಿತು. ಹೊಂಬಣ್ಣದ ಪುಡಿಪುಡಿ ತುಂಡುಗಳು. ಒಂದೊಂದು ಕಾಳೂ ದುಂಡಗೆ ಉಬ್ಬಿತ್ತು. ಬಾಯಿಗಿಟ್ಟೆ. ಗರಿಗರಿ ಅಂದು ಕರಗಿತು. ಕಾದೆ. ನಿಂತಿತು! ಇನ್ನೊಂದು ಹಿಡಿ ತಿಂದೆ. ಅದೂ ನಿಂತಿತು!

"ನಿಂತೈತಂತ ಹೇಳವಾ ಎಮ್ಮಿ!" ಎಂದು ಬಾಲ ಹಿಡಿದೇ ಕೂಗಿದೆ.

ಮಾವನವರು ಕೊಂಬಿನ ಕಡೆ ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಅಟ್ಟದ ಕಡೆಯಿಂದ ಅತ್ತೆಯ ಕಿರುಚು ಕೇಳಿಸಿತು.

ನಮ್ಮ ಮನೆಯಲ್ಲಿ ಹೊಲ ನೋಡುತ್ತಿದ್ದವರು ಅತ್ತೆ. ಮಾವನವರಿಗೆ ಗೊತ್ತಿದ್ದದ್ದು ಹತ್ತಿ ಮಾತ್ರ. ಹಿಂಗಾರಿ ಬಿತ್ತನೆಗೆಂದು ಅತ್ತೆ ತೆನೆ ತೆನೆ ಆರಿಸಿ, ಹುಳು ಹತ್ತದಂತೆ ಬೂದಿ ಕಲಸಿ, ಬೀಜದ ಜೋಳವನ್ನು ಅಟ್ಟದ ಗಡಿಗೆಗಳಲ್ಲಿ ಇಟ್ಟಿದ್ದರು. ಎಲ್ಲವೂ ಖಾಲಿ!

"ಅಯ್ಯ ನನ್ನ ಹಣೇಬಾರ! ಬಿತ್ತೂ ಬೀಜಾ ಹುರದ್ರೇನ್ರೀ?"

"ಅದು ಬೀಜೇನು?" ಮಾವನವರ ಮುಖ ಇಷ್ಟಾಯಿತು. "ಇಷ್ಟ ಚಲೋ ಜ್ವಾಳದಾಗ ಯಾವ ಪುಣ್ಯಾತ್ಮ ಬೂದಿ ಸುರದಾನೋ ಅಂತ ಬೈಕೋತ, ತೊಳದು ತೊಳದು ಹುರದೆ!"

ಅತ್ತೆ ನೆಲಕ್ಕೆ ಕುಸಿದು ಕೂತರು. ಹೊಲ ಪಾಳು ಬೀಳುವ ಮಾತೊಂದೇ ಅಲ್ಲ. ಬಸುರಿ ಇರುವ ಮನೆಯಲ್ಲಿ ಬಿತ್ತುವ ಬೀಜವನ್ನು ಬೆಂಕಿಗೆ ಹಾಕಿದರೆ ಅದಕ್ಕಿಂತ ದೊಡ್ಡ ಅಪಶಕುನ ಉಂಟೆ? ಅದನ್ನು ತಿಂದವಳು ನಾನೇ! ಹೊಟ್ಟೆಯಲ್ಲಿ ನಿಂತಿದ್ದರ ಸಂತೋಷವೆಲ್ಲ ಆ ಗಳಿಗೆಗೆ ಜರ್ರನೆ ಇಳಿಯಿತು.

ಅತ್ತೆ ಬೀಜಕ್ಕಾಗಿ ಅಬ್ಬಿಗೇರಿಯ ಅಣ್ಣನಿಗೆ ಹೇಳಿ ಕಳಿಸಿದರು. ಅವರು ಬೀಜದ ಚೀಲ ತಂದರು. ಜೊತೆಗೆ ಇನ್ನೊಂದು ಮಾತನ್ನೂ ತಂದರು. ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತು, ಒಳಗಿದ್ದ ನನಗೆ ಕೇಳಿಸುವಂತೆಯೇ ಆಡಿದರು.

"ಭಾವಾರ, ಬೀಜಾ ಹುರದ ಮನ್ಯಾಗ ಏನ ಹುಟ್ಟತೈತಿ? ಒಂದ ಹೋತು. ಇದೂ ಹೋಗೂದ. ನಮ್ಮೂರಾಗ ಒಂದ ಹೆಣ್ಣ ನೋಡೇನಿ. ಹುಡಗಗ ಇನ್ನೊಂದ ಲಗ್ನಾ ಮಾಡಿಬಿಡ್ರಿ."

ನಾನು ಬಾಗಿಲ ಮರೆಗೆ ಸರಿದು ಇಣುಕಿದೆ. ಮಾವನವರು ಎದ್ದು ಹೋಗಿ, ತಾವೇ ಹಿಂದೊಮ್ಮೆ ಬೆಲ್ಲ ಹಾಕಿ ಕಟ್ಟಿದ್ದ, ಪಾಕ ಮೀರಿ ಹಾಳಾಗಿದ್ದ ಹಳೆಯ ಉಂಡಿಯೊಂದನ್ನು ತಂದರು.

"ದೂರದಿಂದ ಬಂದೀರಿ. ಮದಲ ಬಾಯಿ ಸಿಹಿ ಮಾಡ್ಕೋರಿ."

ಬೇಕೆಂದೇ ಅದನ್ನು ಕೊಟ್ಟರೋ, ಕೈಗೆ ಅದೇ ಸಿಕ್ಕಿತೋ, ಇಂದಿಗೂ ನನಗೆ ಗೊತ್ತಿಲ್ಲ. ಅಬ್ಬಿಗೇರಿಯವರು ಇಡೀ ಉಂಡಿ ಬಾಯಿಗೆ ಹಾಕಿಕೊಂಡರು. ಮೇಲಿನ ದವಡೆ, ಕೆಳಗಿನ ದವಡೆ ಒಂದಾದವು. ಬಾಯಿ ತೆರೆಯಲೊಲ್ಲದು!

"ನೀವು ತಿನ್ರಿ, ನಾ ಹೇಳತೀನಿ," ಎಂದು ಮಾವನವರು ಚಕ್ಕಳಮಕ್ಕಳ ಹಾಕಿ ಕೂತರು. "ಹೆಣ್ಣ ನೋಡೂದು ಬಿಡ್ರಿ. ಈ ಮನಿಗೆ ಸೊಸಿ ಒಬ್ಬಾಕಿನ. ಕೂಸು ಉಳದರೂ ಆಕಿನ, ಉಳೀದಿದ್ರೂ ಆಕಿನ. ಬೀಜಾ ಹುರದಾಂವ ನಾನು. ಅಪಶಕುನಾ ಹತ್ತೂದಿದ್ರ ನನಗ ಹತ್ತಲಿ. ಏನಂತೀರಿ?"

"ಹ್ಞೂಂ... ಹ್ಞೂಂ..." ಎಂದು ಅಬ್ಬಿಗೇರಿಯವರು ದವಡೆ ಹಿಡಿದು ನರಳಿದರು.

"ಹೂಂ ಅಂದ್ರಲ್ಲ, ಮುಗೀತು!"

ಬೀಜ ಬಿತ್ತಿದ್ದಾಯಿತು. ಸುಗ್ಗಿಯ ಹೊತ್ತಿಗೆ ಮಗಳು ಹುಟ್ಟಿದಳು, ನಾನೂ ಬದುಕಿದೆ. ಆದರೆ ಇಷ್ಟು ವರ್ಷ ಕಳೆದರೂ ನನ್ನ ಕಣ್ಣಿಂದ ಮರೆಯಾಗದಿರುವುದು, ಅಬ್ಬಿಗೇರಿಯವರು ಹೋದ ಮರುದಿನದ ಮುಂಜಾನೆ.

ಅಂದು ಬಟ್ಟಲು ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಇವರು ಇಷ್ಟೆಲ್ಲ ಕಷ್ಟಪಟ್ಟು, ಇಷ್ಟೆಲ್ಲ ಮಾತು ಕೇಳಿ ಹುರಿದದ್ದು ಮೊಮ್ಮಗುವಿಗಾಗಿ. ಅದು ಉಳಿಯದಿದ್ದರೆ ಯಾವ ಮುಖ ಹೊತ್ತು ಈ ಮನೆಯಲ್ಲಿರಲಿ? ಒಲೆಯ ಹತ್ತಿರ ಸುಮ್ಮನೆ ಕೂತಿದ್ದೆ. ಮಾವನವರು ಹೊಸ್ತಿಲ ತನಕ ಬಂದರು. ಅತ್ತೆ ಬಾವಿಗೆ ಹೋಗಿದ್ದರು, ಎಮ್ಮೆ ಮೇಯಲು ಹೋಗಿತ್ತು. ನಡುವೆ ಮಾತು ದಾಟಿಸಲು ಯಾರೂ ಇಲ್ಲ. ಮಾವನವರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಆಮೇಲೆ ನನ್ನನ್ನೇ ನೋಡಿದರು.

"ತಿನ್ನವಾ, ಮಗಳ."

ನಾನು ತಲೆ ತಗ್ಗಿಸಿಕೊಂಡೇ ಕೇಳಿದೆ, "ಮಾವಾರ, ಕೂಸು ಉಳೀದಿದ್ರ?"

ಅವರು ಹೊಸ್ತಿಲ ಆಚೆ ನೆಲದ ಮೇಲೆ ಕೂತರು.

"ಕೂಸಿನ ಮಾರಿ ನಾ ಇನ್ನೂ ನೋಡೇ ಇಲ್ಲವಾ. ಹುರದದ್ದು ನಿನಗಂತ."

ನಾನು ಬಟ್ಟಲು ಎತ್ತಿಕೊಂಡೆ. ಅಳುತ್ತಲೇ ತಿಂದೆ. ಮುಗಿಸುವ ತನಕ ಮಾವನವರು ಹೊಸ್ತಿಲು ಬಿಟ್ಟು ಕದಲಲಿಲ್ಲ.