ನಳದ ಕೆಳಗೆ ಒಂದು ಅಂಜೂರ

ಮನೆಯಿಂದ ಹೊರಟ ಮೇಲೆ ಕೆಲವರಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಸಂಶಯ ಕಾಡುತ್ತದೆ. ಇನ್ನು ಕೆಲವರಿಗೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು. ನನ್ನ ಸಂಶಯ ಒಂದೇ: ಇದನ್ನು ತೊಳೆದಿದ್ದಾರೋ ಇಲ್ಲವೋ? ಹಣ್ಣು ಕಂಡರೆ ಉಳಿದವರ ಕೈ ಬಾಯಿಯ ಕಡೆ ಹೋಗುತ್ತದೆ, ನನ್ನ ಕಾಲು ನಳದ ಕಡೆ ಹೋಗುತ್ತದೆ. ಬಾಳೆಹಣ್ಣನ್ನೂ ತೊಳೆದೇ ಸುಲಿಯುತ್ತೇನೆ. ಒಮ್ಮೆ ಹೆಂಡತಿ ಮನೆಯಲ್ಲಿಲ್ಲದಾಗ ಬೆಲ್ಲದ ಮೇಲೆ ನೊಣ ಕೂತದ್ದು ಕಂಡು ಅದನ್ನೂ ತೊಳೆದೆ. ಸರಿಯಾಗಿ ತಿಕ್ಕಿ ಮುಗಿಸುವಷ್ಟರಲ್ಲಿ ಅಂಗೈಯಲ್ಲಿ ಗೋಲಿಯಷ್ಟು ಬೆಲ್ಲ ಉಳಿದಿತ್ತು, ಬಚ್ಚಲಿಗೆ ಊರಿನ ನೊಣಗಳೆಲ್ಲ ಬಂದಿದ್ದವು. ಮಹಾದೇವಿ ಮರಳಿ ಬಂದವಳು ನೋಡಿ, “ಉಪ್ಪು ಒಂದ್ ಉಳದದ ನೋಡ್ರಿ, ಅದನ್ನೂ ತೊಳದ್ ಬಿಡ್ರಿ” ಎಂದಳು.

ಇದಕ್ಕೆ ನನ್ನ ನೌಕರಿಯೂ ಸ್ವಲ್ಪ ಕಾರಣ. ನಾನು ನಂದೂರಿನ ಒಂದು ಬೇಳೆ ಮಿಲ್ಲಿನಲ್ಲಿ ಕೆಲಸ ಮಾಡುತ್ತೇನೆ. ಹೊಲದಿಂದ ಬಂದ ತೊಗರಿಯನ್ನು ಜರಡಿಗೆ ಸುರಿದಾಗ ಏನೇನು ಹೊರಬರುತ್ತದೆ ಎಂಬುದನ್ನು ದಿನವೂ ನೋಡುವವನಿಗೆ ಅನ್ನದ ಮೇಲೆ ಭಕ್ತಿ ಉಳಿದರೂ ನಂಬಿಕೆ ಉಳಿಯುವುದಿಲ್ಲ. ಕಲ್ಲು, ಮಣ್ಣು, ಹುಳ ಸರಿ. ಒಮ್ಮೆ ಹರಿದ ಚಪ್ಪಲಿಯೇ ಬಂದಿತ್ತು. ಆ ದಿನ ಮನೆಗೆ ಹೋಗಿ ತೊಳೆದಿಟ್ಟ ದ್ರಾಕ್ಷಿಯನ್ನು ಮತ್ತೊಮ್ಮೆ ತೊಳೆದೆ.

ಮನೆಯೊಳಗೆ ಇದ್ದಷ್ಟು ದಿನ ಈ ಚಟದಿಂದ ಯಾರಿಗೂ ತೊಂದರೆಯಿರಲಿಲ್ಲ. ತೊಂದರೆಯಾದದ್ದು ಕಮಲಾಪುರದಲ್ಲಿ, ನನ್ನ ಹೆಂಡತಿಯ ತವರಿನಲ್ಲಿ. ಕಮಲಾಪುರವೆಂದರೆ ಎಲ್ಲರಿಗೂ ಕೆಂಪು ಬಾಳೆಹಣ್ಣು ನೆನಪಾಗುತ್ತದೆ. ನನ್ನ ಮಾವ ಗುರುಲಿಂಗಪ್ಪನವರ ಹೊಲದಲ್ಲೂ ಅದೇ ಬೆಳೆ. ಆದರೆ ಬಾಳೆ ಅವರಿಗೆ ಉದ್ಯೋಗ. ಪ್ರೀತಿಯೆಲ್ಲ ಹಿತ್ತಲಿನ ಅಂಜೂರದ ಮೇಲೆ. ಒಂದೇ ಒಂದು ಗಿಡ. ಅದಕ್ಕೆ ನೀರು ಹಾಕುವುದು, ಸೊಟ್ಟಗೆ ಬೆಳೆದ ಟೊಂಗೆಗೆ ಊರುಗೋಲು ಕೊಡುವುದು, ಗಿಳಿಗಳನ್ನು ಬೈಯುವುದು, ಎಲ್ಲ ಅವರದೇ. ಚೆನ್ನಾಗಿ ಬಲಿತ ಹಣ್ಣಿಗೆ ಹಳೆಯ ಧೋತರದ ತುಂಡು ಕಟ್ಟಿ ಕಾಯುತ್ತಾರೆ. ಮನೆಗೆ ಹೋದವರಿಗೆ ಮೊದಲು ತೋರಿಸುವುದು ಆ ಗಂಟುಗಳನ್ನೇ.

ಶಿವರಾತ್ರಿ ಕಳೆದ ಮೇಲೆ ನಾವಿಬ್ಬರೂ ಹೋಗಿದ್ದೆವು. ಮಾವ ನನ್ನನ್ನು ಹಿತ್ತಲಿಗೆ ಕರೆದೊಯ್ದು ಒಂದು ಗಂಟು ಬಿಚ್ಚಿದರು. ನೇರಳೆ ಬಣ್ಣಕ್ಕೆ ತಿರುಗಿದ, ತನ್ನ ಭಾರಕ್ಕೆ ತಾನೇ ಬಾಗಿದ ಹಣ್ಣು. ತೊಟ್ಟಿನಿಂದ ಒಸರಿದ ಹಾಲನ್ನು ಒರೆಸಿ, ಹಣ್ಣನ್ನು ಧೋತರದ ಚುಂಗಿಗೆ ಮೆಲ್ಲಗೆ ಉಜ್ಜಿ ನನ್ನ ಕೈಗಿಟ್ಟರು. “ತಿನ್ರಿ ಅಳಿಯಾರ, ಈ ವರ್ಷದ ಮೊದಲ್ನೇ ಹಣ್ಣು.”

ನಾನು ಸಂತೋಷದಿಂದಲೇ ತೆಗೆದುಕೊಂಡೆ. ಆದರೆ ಕಾಲುಗಳು ತಾವಾಗಿಯೇ ನಳದ ಕಡೆ ನಡೆದವು. ಆ ನಳದಲ್ಲಿ ನೀರು ಬರದಿದ್ದರೆ ಬರುವುದೇ ಇಲ್ಲ, ಬಂದರೆ ನುಗ್ಗಿಯೇ ಬರುತ್ತದೆ. ತಿರುಗಿಸಿದ್ದೇ ತಡ, ಹಣ್ಣು ಪಚಕ್ಕನೆ ಒಡೆಯಿತು. ಅರ್ಧ ಮೋರಿಗೆ ಹೋಯಿತು, ಉಳಿದದ್ದು ನನ್ನ ಅಂಗಿಯ ತೋಳಿಗೆ ಹತ್ತಿತು. ಕೈಯಲ್ಲಿ ಬರೀ ತೊಟ್ಟು ಹಿಡಿದು ತಿರುಗಿ ನೋಡಿದೆ. ಮಾವ ಧೋತರದ ತುಂಡನ್ನು ಮಡಿಚುತ್ತ ನಿಂತಿದ್ದರು.

“ಇರಲಿ ಬಿಡ್ರಿ” ಎಂದು ಒಳಗೆ ಹೋದರು.

ಊಟಕ್ಕೆ ಕೂತಾಗ ಮಳೆಯ ವಿಚಾರ ಮಾತಾಡಿದರು, ಬಾಳೆಯ ವಿಚಾರ ಮಾತಾಡಿದರು. ಅಂಜೂರದ ಹೆಸರೇ ಬರಲಿಲ್ಲ. ಮರಳುವಾಗ ಬಸ್ಸಿನಲ್ಲಿ ಮಹಾದೇವಿ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು. “ಆ ಹಣ್ಣ ನನಗ ಕೊಡಲಿಲ್ಲ ನಮ್ಮಪ್ಪ, ನಮ್ಮ ಅವ್ವಗೂ ಕೊಡಲಿಲ್ಲ. ನಿಮಗಂತ ಇಟ್ಟಿದ್ದ.”

“ಗಿಳಿ ಕೂತಿರ್ತಾವ, ಧೂಳ ಬಿದ್ದಿರ್ತದ, ತೊಳದ್ರ ತಪ್ಪೇನು?” ಎಂದೆ.

“ಗಂಟ್ ಕಟ್ಟಿದ ಹಣ್ಣಿನ ಮ್ಯಾಲ ಯಾವ ಗಿಳಿ ಕೂಡ್ತದರಿ?” ಎಂದಳು.

ಪ್ರತಿ ಬೇಸಿಗೆಯಲ್ಲಿ ಕಮಲಾಪುರದಿಂದ ನಮಗೆ ಬಿದಿರಿನ ಪುಟ್ಟಿ ತುಂಬ ಅಂಜೂರ ಬರುತ್ತಿತ್ತು. ಆ ವರ್ಷವೂ ಪುಟ್ಟಿ ಬಂತು, ಆದರೆ ಒಳಗಿದ್ದದ್ದು ಕೆಂಪು ಬಾಳೆಹಣ್ಣು. ಮಹಾದೇವಿ ತಂದೆಗೆ ಫೋನ್ ಮಾಡಿ, ಮಾತು ಮುಗಿಸಿ, ನನ್ನ ಕಡೆ ನೋಡದೆ ಹೇಳಿದಳು: “ಅಳಿಯಾರಿಗಿ ಸಿಪ್ಪಿ ಇರೂ ಹಣ್ಣ ಛಲೋ ಅಂತ ಅಪ್ಪ ಅಂದಾನ.”

ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಅವರು ನನಗೆ ಅನುಕೂಲ ಮಾಡಿಕೊಟ್ಟಿದ್ದರು. ಹೆಚ್ಚು ಬೇಸರವಾದದ್ದು, ನಳದ ಮುಂದೆ ನಿಂತು ಆ ಬಾಳೆಹಣ್ಣನ್ನೂ ತೊಳೆಯುತ್ತಿದ್ದೇನೆಂದು ನನಗೇ ತಿಳಿದಾಗ.

ಕಮಲಾಪುರಕ್ಕೆ ಹೋಗಿ ಅವರ ಕಣ್ಣೆದುರೇ ತೊಳೆಯದ ಅಂಜೂರ ತಿನ್ನಬೇಕೆಂದು ನಿಶ್ಚಯಿಸಿದೆ. ಅದಕ್ಕೆ ಮೊದಲು ಅಭ್ಯಾಸ ಬೇಕಲ್ಲ? ನಮ್ಮೂರಿನ ರೋಜಾ ಬಡಾವಣೆಯ ಹತ್ತಿರ ಗಾಡಿಯೊಂದರಲ್ಲಿ ಅಂಜೂರ ಕೊಂಡು ಅಲ್ಲೇ ಬಾಯಿಗೆ ಹಾಕಲು ಹೋದೆ. ಗಾಡಿಯವನು ಗಾಬರಿಯಾಗಿ, “ಅರೇ ಸಾಬ್, ತೊಳದು ತಿನ್ರಿ, ದಿನಾ ಪೂರಾ ರೋಡಿನ ಧೂಳ ಬೀಳ್ತದ!” ಎಂದ. ಹಣ್ಣು ಮಾರುವವನೇ ನನ್ನ ಪಕ್ಷಕ್ಕೆ ಬಂದದ್ದು ಅಂದೇ ಮೊದಲು, ಅದೂ ನನಗೆ ಬೇಡವಾದ ಹೊತ್ತಿನಲ್ಲಿ. ಮನೆಗೆ ತಂದು ತೊಳೆದು ತಿಂದೆ.

ಅಭ್ಯಾಸವಿಲ್ಲದೆಯೇ ರವಿವಾರ ಹೊರಟೆ. ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಮನೆಯ ಗಿಡ, ಔಷಧ ಹೊಡೆದಿಲ್ಲ, ಗಾಡಿಯ ಮೇಲೆ ಇಟ್ಟಿಲ್ಲ, ಹತ್ತು ಜನ ಮುಟ್ಟಿಲ್ಲ. ಮೆತ್ತನೆಯ ಹಣ್ಣು ನೀರು ಕಂಡರೆ ಕೆಡುವುದೂ ಬೇಗ. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಗಂಟಲು ಮಾತ್ರ ಒಪ್ಪಲಿಲ್ಲ.

ಮಾವ ಕಟ್ಟೆಯ ಮೇಲೆ ಕೂತಿದ್ದರು. ನಾನೊಬ್ಬನೇ ಬಂದದ್ದು ನೋಡಿ, “ಏನ್ರಿ, ಎಲ್ಲಾರೂ ಆರಾಮ ಅದಾರಿಲ್ಲೋ?” ಎಂದು ಎದ್ದು ನಿಂತರು.

“ಎಲ್ಲಾರೂ ಆರಾಮ ಅದಾರ್ರಿ ಮಾವಾರ. ಒಂದ್ ಅಂಜೂರ ಕೊಡ್ರಿ.”

ಅವರು ನನ್ನನ್ನು ಹಿತ್ತಲಿಗೆ ಕರೆದೊಯ್ದು ಒಂದು ಹಣ್ಣು ಕಿತ್ತರು. ಒರೆಸಲೂ ಬಿಡದೆ ನಾನು ಅದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ.

“ಅಯ್ಯ! ಒಡದ್ ನೋಡ್ರಿ, ಒಳಗ ಇರಿವಿ ಇರ್ತಾವ!” ಎಂದು ಮಾವ ಕೂಗಿದರು.

ಇದ್ದವು. ನಾಲಿಗೆಯ ತುದಿಗೊಂದು, ಬುಡಕ್ಕೊಂದು ಕಚ್ಚಿತು. ಉಗುಳಿದರೆ ಬಂದ ಕೆಲಸ ಕೆಟ್ಟಿತು ಎಂದು ಕಣ್ಣು ಮುಚ್ಚಿ ನುಂಗಿದೆ. ಕಣ್ಣು ತೆರೆದಾಗ ನೀರು ಸುರಿಯುತ್ತಿತ್ತು. ಮಾವ ಮೊದಲು ಹೆದರಿದರು, ನಂತರ ಗಿಡದ ಕಾಂಡ ಹಿಡಿದುಕೊಂಡು ನಗತೊಡಗಿದರು. ಒಳಗಿನಿಂದ ಅತ್ತೆ ಏನಾಯಿತೆಂದು ಓಡಿ ಬಂದರು.

ನೀರು ಕುಡಿದು ಕಟ್ಟೆಯ ಮೇಲೆ ಕೂತ ಮೇಲೆ ಕೇಳಿದೆ. “ಮಾವಾರ, ಅವತ್ತ ನಾ ತೊಳದಿದ್ದಕ್ಕ ಸಿಟ್ಟ ಬಂತೇನ್ರಿ?”

“ತೊಳೀಬಾರದು ಅಂತ ನಂದೇನೂ ಹಟ ಇಲ್ಲರಿ” ಎಂದು ಅವರು ತಮ್ಮ ಅಂಗೈ ನೋಡಿಕೊಂಡರು. “ಕೊಟ್ಟ ಕೂಡ್ಲೇ ನಳದ ಕೆಳಗ ಹಿಡದ್ರಲ್ಲ, ನನ್ನ ಕೈ ಹೊಲಸ ಅದ ಅಂದಂಗಾತು. ಅಷ್ಟ.”

ಗಿಳಿ, ಧೂಳು, ಔಷಧ, ಎಲ್ಲದರ ಬಗ್ಗೆ ಯೋಚಿಸಿದ್ದ ನನಗೆ ಆ ಕೈಯ ವಿಚಾರ ಹೊಳೆದೇ ಇರಲಿಲ್ಲ. ಬೆಲ್ಲ ತೊಳೆದ ಕಥೆ ಹೇಳಿದೆ, ಜರಡಿಯಲ್ಲಿ ಬಂದ ಚಪ್ಪಲಿಯ ಕಥೆ ಹೇಳಿದೆ. “ಹಂಗಾರ ಇದು ನನ್ನ ಕೈದಲ್ಲ, ನಿಮ್ಮ ತಲಿದು” ಎಂದು ಅವರು ಮತ್ತೆ ನಕ್ಕರು. ಸಂಜೆ ಹೊರಡುವಾಗ ಪುಟ್ಟಿ ತುಂಬ ಅಂಜೂರ ಕೊಟ್ಟು, ಹೇಗೆ ಎರಡು ಹೋಳು ಮಾಡಿ ಊದಿ ನೋಡಿ ತಿನ್ನಬೇಕೆಂದು ಕಲಿಸಿದರು.

ಈಗ ನಾನು ಅಲ್ಲಿಗೆ ಹೋದಾಗ ತೊಳೆಯದ ಅಂಜೂರವನ್ನೇ ತಿನ್ನುತ್ತೇನೆ. ಮಾವನೂ ಒಂದು ಹೊಸ ಪದ್ಧತಿ ಹಿಡಿದಿದ್ದಾರೆ. ಹಣ್ಣು ಕೀಳುವ ಮೊದಲು ಸಾಬೂನು ಹಚ್ಚಿ ಕೈ ತೊಳೆದು, ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿ, “ನೋಡ್ಕೋರಿ” ಎನ್ನುತ್ತಾರೆ. ಅವರ ಕಣ್ಣಲ್ಲಿ ತುಂಟತನವಿರುತ್ತದೆ. ನಾಚಿಕೆಯಿಂದ ನನಗೆ ನೆಲ ಬಿರಿಯಬಾರದೇ ಎನಿಸುತ್ತದೆ. “ಛೇ, ಇದೇನ್ರಿ ಮಾವಾರ, ಬ್ಯಾಡ್ರಿ” ಎಂದು ಮುಖ ಆ ಕಡೆ ತಿರುಗಿಸುತ್ತೇನೆ. ಆದರೆ ತಿರುಗಿಸುವ ಮೊದಲು ಒಂದು ಸಲ, ಅವರಿಗೆ ಗೊತ್ತಾಗದ ಹಾಗೆ, ಉಗುರಿನ ಸಂದಿಗಳನ್ನೂ ನೋಡಿಬಿಟ್ಟಿರುತ್ತೇನೆ.