ಅಡುಗೆಮನೆ ಚಾವಣಿ ಶಿಥಿಲವಾದ ಪ್ರಸಂಗ

ನಮ್ಮ ಮನೆಯ ಸಾರಿಗೆ ಎರಡು ಒಗ್ಗರಣೆ. (ಸಾರಿಗೆ ಎಂದರೆ ನಾನು ಗುಮಾಸ್ತನಾಗಿರುವ ಇಲಾಖೆಯಲ್ಲ, ತೊಗರಿಬೇಳೆಯದು.) ಒಂದನ್ನು ನನ್ನ ಹೆಂಡತಿ ದಾಕ್ಷಾಯಣಿ ಹಾಕುತ್ತಾಳೆ, ಇನ್ನೊಂದು ಚಾವಣಿಯಿಂದ ತಾನಾಗಿಯೇ ಬೀಳುತ್ತದೆ. ಶಿವಮೊಗ್ಗದ ನವುಲೆ ಕಡೆಯಲ್ಲಿರುವ ಈ ಸರ್ಕಾರಿ ವಸತಿಗೃಹ ನಮ್ಮ ಪಾಲಿಗೆ ವಸತಿಗ್ರಹವಾಗಿ ಬಹಳ ಕಾಲವಾಯಿತು. ಒಂಬತ್ತು ಗ್ರಹಗಳಿಗಾದರೆ ಶಾಂತಿ ಮಾಡಿಸಬಹುದು, ಈ ಹತ್ತನೆಯದಕ್ಕೆ ಇಂಜಿನಿಯರೇ ಬರಬೇಕು. ಕಳೆದ ತಿಂಗಳು ಗಾರೆಯ ಹೆಂಟೆಯೊಂದು ಅವಳ ಭುಜಕ್ಕೇ ಬಿತ್ತು. ತಲೆಗೆ ಬಿದ್ದಿದ್ದರೆ? ಅಂದಿನಿಂದ ನನಗೆ ನೆಮ್ಮದಿಯಿಲ್ಲ.

ಅಷ್ಟರಲ್ಲಿ, ವಸತಿಗೃಹಗಳ ಸ್ಥಿತಿ ನೋಡಿ ರಿಪೇರಿಗೆ ಯೋಜನೆ ಹಾಕಲು ಇಂಜಿನಿಯರ್ ಬರುತ್ತಾರೆಂದು ಸುದ್ದಿ ಬಂತು. ನಾನು ಮಾತು ಹೊಸೆಯತೊಡಗಿದೆ. ಕಚೇರಿಯಲ್ಲಿ ಪ್ರತಿವರ್ಷ ರಾಜ್ಯೋತ್ಸವದ ಭಾಷಣ ನನ್ನದೇ. ಕನ್ನಡದ ತೂಕ ಏನೆಂದು ಆ ಇಂಜಿನಿಯರಿಗೂ ತಿಳಿಯಬೇಡವೇ?

“ಅಡುಗೆಮನೆ ಗಾರೆ ಬೀಳ್ತಿದೆ, ಮೆತ್ತಿಸ್ಕೊಡಿ ಅನ್ನಿ. ಅಷ್ಟು ಸಾಕು,” ಎಂದಳು ದಾಕ್ಷಾಯಣಿ.

“ಅಷ್ಟು ಮೆತ್ತಗೆ ಹೇಳಿದ್ರೆ ಯಾರೂ ಮೆತ್ತಲ್ಲ ಮಾರಾಯ್ತಿ!”

“ರೀ, ನಾನು ಭದ್ರಾವತಿ ಕಾಗದನಗರದ ಕ್ವಾಟ್ರಸ್ಸಲ್ಲಿ ಬೆಳೆದೋಳು. ಮನೆ ಕೊಟ್ಟೋರ ಹತ್ರ ಹಂಚು ಒಡೆದ್ರೆ ಹಂಚು ಕೇಳ್ಬೇಕು. ಮನೆ ಬೀಳ್ತಿದೆ ಅಂದ್ರೆ ಅದನ್ನ ಬೀಳ್ಸೋಕೇ ಬರ್ತಾರೆ.”

ಹೆಂಡತಿಯ ಮಾತು ಕೇಳದಿರುವುದು ಗಂಡಸಿನ ಮೂಲಭೂತ ಹಕ್ಕು. (ಆಮೇಲೆ ಅನುಭವಿಸುವುದು ಮೂಲಭೂತ ಕರ್ತವ್ಯ.)

ಇಂಜಿನಿಯರ್ ಸಂಜಯ್ ಬಂದರು. ಪಕ್ಕದ ಮನೆಯ ಡ್ರೈವರ್ ಉಜ್ಜನಪ್ಪ ಬಿರುಕಿನ ಮೇಲೆ ಕ್ಯಾಲೆಂಡರ್ ನೇತುಹಾಕಿ, “ನಮ್ದು ಚೆನ್ನಾಗಿದೆ ಸಾರ್,” ಎಂದು ಕಳಿಸಿಬಿಟ್ಟರು. ಅವರ ಹೆಂಡತಿ ನಂಜಮ್ಮ ಲಕ್ವ ಹೊಡೆದು ಮಲಗಿದ್ದಾರೆ, ರಿಪೇರಿಯವರು ಬಂದರೆ ಮಂಚ ಎಲ್ಲಿಗೆ ಸರಿಸುವುದೆಂಬ ಚಿಂತೆ ಅವರಿಗೆ. ಪುಕ್ಕಲ ಎಂದುಕೊಂಡೆ.

ನನ್ನ ಸರದಿ ಬಂತು. ಗಂಟಲು ಸರಿಮಾಡಿಕೊಂಡೆ. “ಮಾನ್ಯರೇ, ಈ ಕಟ್ಟಡವು ಆಪಾದಮಸ್ತಕ ಶಿಥಿಲವಾಗಿದೆ! ಇಲ್ಲಿ ನಾವು ವಾಸಿಸುತ್ತಿಲ್ಲ, ಬದುಕುಳಿದಿದ್ದೇವೆ!”

ಸಂಜಯ್ ಬರೆಯುವುದನ್ನು ನಿಲ್ಲಿಸಿದರು. “ಶಿಥಿಲ ಅಂತೀರಾ ಸಾರ್? ಯೋಚ್ನೆ ಮಾಡಿ ಹೇಳಿ.”

“ಬರೀ ಗಾರೆ ಸಾರ್, ಗಾರೆ!” ಎಂದು ಒಳಗಿನಿಂದ ದಾಕ್ಷಾಯಣಿ ಕೂಗಿದಳು.

“ಅಕ್ಷರಶಃ ಶಿಥಿಲ!” ಎಂದೆ, ಅವಳಿಗಿಂತ ಜೋರಾಗಿ.

ನನಗೆ ಅದು ಅಲಂಕಾರ, ಅವರಿಗೆ ಅದು ವರ್ಗ. ರಿಪೇರಿಯ ಪಟ್ಟಿ ಬೇರೆ, ಶಿಥಿಲದ ಪಟ್ಟಿ ಬೇರೆಯಂತೆ. ಶಿಥಿಲವೆಂದರೆ ಗಾರೆ ಮೆತ್ತುವುದಿಲ್ಲ, ಕೆಡವುತ್ತಾರೆ. ನಮ್ಮ ಅಡುಗೆಮನೆಯೊಂದನ್ನೇ ಕೆಡವಲು ಆಗುತ್ತದೆಯೇ? ನಾಲ್ಕು ಮನೆಗೂ ಒಂದೇ ಕಟ್ಟಡ. ಮುಂದಿನ ವಾರ ನಾಲ್ಕೂ ಬಾಗಿಲಿಗೆ ನೋಟೀಸು ಅಂಟಿಸಿದರು: ವಾಸಕ್ಕೆ ಯೋಗ್ಯವಲ್ಲ, ತಿಂಗಳೊಳಗೆ ತೆರವುಗೊಳಿಸಿ.

ಸಂಜೆ ನೆರೆಯವರೆಲ್ಲ ನಮ್ಮ ಮನೆಗೆ ಬಂದರು. ಬೈಸಿಕೊಳ್ಳಲು ಸಿದ್ಧನಾಗಿ ನಿಂತಿದ್ದೆ. ಉಜ್ಜನಪ್ಪ ಬೈಯಲಿಲ್ಲ.

“ನಂಜಿನ ಎತ್ಕೊಂಡು ಎಲ್ಲಿಗೆ ಹೋಗ್ಲಿ ಸಾರ್? ಹಾಸಿಗೆ ಹಿಡಿದೋಳು ಇದಾಳೆ ಅಂದ್ರೆ ಯಾರು ಬಾಡಿಗೆಗೆ ಕೊಡ್ತಾರೆ? ನಿಮ್ಗೆ ಕನ್ನಡ ಚೆನ್ನಾಗಿ ಬರ್ತದೆ. ಇಲ್ಲೇ ಇರೋಕೆ ಬಿಡಿ ಅಂತ ನೀವೇ ಒಂದು ಅರ್ಜಿ ಬರ್ಕೊಡಿ.”

ನಾಚಿಕೆಯಿಂದ ಕುಗ್ಗಿಹೋದೆ. ಪೆನ್ನು ತೆಗೆದೆ. ದಾಕ್ಷಾಯಣಿ ಅದನ್ನು ಕಿತ್ತುಕೊಂಡಳು.

“ಬೇಡ ಉಜ್ಜನಪ್ಪಣ್ಣ. ಇವ್ರು ಬರೆದ್ರೆ ಇಡೀ ನವುಲೆನೇ ಖಾಲಿ ಮಾಡಿಸ್ತಾರೆ.”

ಅವಳೇ ಬರೆದಳು: ಮನೆಗಳು ಗಟ್ಟಿಯಾಗಿವೆ, ನಮಗೆ ಯಾವ ತೊಂದರೆಯೂ ಇಲ್ಲ. ಎಲ್ಲರೂ ಸಹಿ ಹಾಕಿದರು. ನನ್ನ ಸರದಿ ಬಂದಾಗ ಅವಳು ಕಾಗದವನ್ನು ಹಿಂದಕ್ಕೆ ಎಳೆದುಕೊಂಡು ಇನ್ನೊಂದು ಸಾಲು ಸೇರಿಸಿದಳು: ಈ ಮೊದಲು ನಾನು ಹೇಳಿದ್ದು ತಲೆ ನೆಟ್ಟಗಿಲ್ಲದಾಗ ಹೇಳಿದ್ದು.

ನೆರೆಯವರೆಲ್ಲರ ಮುಂದೆ ಅದರ ಕೆಳಗೆ ಸಹಿ ಹಾಕಿದೆ.