ಮೊರಗಿವಿಯ ವಾರಸುದಾರ

ಎಲ್ಲ ಅನಾಹುತಕ್ಕೂ ಕಾರಣ ಒಂದು ಬೇವಿನ ಟೊಂಗೆ.

ಸೊಲ್ಲಾಪುರದ ಚರ್ಚೊಂದರ ಸಭಾಗೃಹದ ಮುಂದೆ ಒಂದು ಬ್ಯಾನರು ಕಟ್ಟಿದ್ದರು. "ವಂಶವಾಹಿಯ ಬದಲಾವಣೆ: ಕ್ರೈಸ್ತರು ಇದಕ್ಕೆ ಏನನ್ನಬೇಕು? ಡಾಕ್ಟರ್ ಸುಮಿತ್ರಾಬಾಯಿಯವರ ಭಾಷಣ, ರವಿವಾರ" ಎಂದು ಅದರ ಮೇಲೆ ಮರಾಠಿಯಲ್ಲಿ ಬರೆದಿತ್ತು. ಆದರೆ ಟೊಂಗೆ ಬಾಗಿ ನಡುವಿನ ಸಾಲನ್ನೂ 'ಭಾಷಣ'ವನ್ನೂ ನುಂಗಿಬಿಟ್ಟಿತ್ತು. ಶನಿವಾರ ಸಂಜೆ ಎಸ್.ಟಿ. ಬಸ್ಸಿನ ಕಿಟಕಿಯಲ್ಲಿ ಕೂತಿದ್ದ ಕರಜಗಿಯ ಪೀರಪ್ಪನಿಗೆ ಕಂಡದ್ದು ಇಷ್ಟೇ: ವಂಶವಾಹಿಯ ಬದಲಾವಣೆ, ಡಾಕ್ಟರ್ ಸುಮಿತ್ರಾಬಾಯಿ, ರವಿವಾರ.

ಪೀರಪ್ಪ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಆಸಾಮಿಯಲ್ಲ. ರವಿವಾರ ಬೆಳಗಾಗುವುದನ್ನೇ ಕಾಯ್ದು ನೆರೆಮನೆಯ ಮೈಲಾರಲಿಂಗನ ಕುರಿಹಟ್ಟಿಗೆ ಬಂದ.

"ಲೇ ಮೈಲಾರ್ಯಾ, ನಿನ್ನ ಕಿವಿಗೆ ಇಲಾಜ ಸಿಕ್ತು!"

"ನನಗ ಚೊಲೋನ ಕೇಳಸ್ತದಲ್ಲ ಕಾಕಾ."

"ಕೇಳೂದಲ್ಲೋ ಹುಚ್ಚಾ, ಕಾಣೂದು!"

ಕಾಣುವುದರಲ್ಲಿ ಮಾತ್ರ ಮೈಲಾರಲಿಂಗನ ಕಿವಿಗಳು ಯಾರಿಗೂ ಮೋಸ ಮಾಡಿರಲಿಲ್ಲ. ಜೋಳ ಕೇರಲು ಇಟ್ಟ ಎರಡು ಮೊರಗಳಂತೆ ತಲೆಯ ಆಚೀಚೆ ನಿಂತಿದ್ದವು. ಅಪ್ಪನವೂ ಹಾಗೇ ಇದ್ದವು, ಅಜ್ಜನವೂ ಹಾಗೇ. ಎದುರುಗಾಳಿಗೆ ಸೈಕಲ್ ತುಳಿದರೆ ಇವನು ಹಿಂದಕ್ಕೇ ಹೋಗುತ್ತಾನೆಂದು ಊರು ನಗುತ್ತಿತ್ತು. ಸಾಲೆಯಲ್ಲಿ ಮಾಸ್ತರರು ಇಡೀ ತರಗತಿಯ ಪರವಾಗಿ ಇವನ ಕಿವಿಯನ್ನೇ ಹಿಂಡುತ್ತಿದ್ದರು. ಕೈಗೆ ಸುಲಭವಾಗಿ ಸಿಗುತ್ತಿದ್ದವು.

ಈಗ ಹೆಂಡತಿ ರೂಪಾಲಿ ತುಂಬು ಬಸುರಿ. ನಿನ್ನೆಯಷ್ಟೇ ಅವಳನ್ನು ಅಕ್ಕಲಕೋಟೆಯ ದವಾಖಾನೆಗೆ ಸೇರಿಸಿದ್ದರು. ಜೊತೆಗಿದ್ದ ಅವ್ವ ಜನಾಬಾಯಿ, "ಗಂಡಸರದು ಇಲ್ಲೇನ ಕೆಲಸ, ಹೋಗಿ ಕುರಿ ನೋಡು" ಎಂದು ಮಗನನ್ನು ಓಡಿಸಿದ್ದಳು. ಅಂದು ರಾತ್ರಿ ಅವನ ಕನಸಿನಲ್ಲಿ ಕೂಸು ತೆವಳುತ್ತ ಬಂದಿತ್ತು. ಮೊದಲು ಬಾಗಿಲೊಳಗೆ ಬಂದದ್ದು ಕಿವಿ. ಕೂಸು ಬಂದದ್ದು ಆಮೇಲೆ.

"ಹೊಟ್ಟ್ಯಾಗಿನ ಕೂಸಿನ ಕಿವಿ ಸಣ್ಣ ಮಾಡತಾರೇನ ಕಾಕಾ?"

"ಬೋರ್ಡ್ ಹಚ್ಚ್ಯಾರಪಾ! ಗಡಗಿ ತಿಗರಿ ಮ್ಯಾಲಿಂದ ಇಳಿಯೂತನಾ ಕುಂಬಾರ ತಿದ್ದತಾನಿಲ್ಲ? ಹಂಗ. ನಡಿ."

ಕುರಿಗಳನ್ನು ಪೀರಪ್ಪನ ಹೆಂಡತಿ ಛಾಯಾಳಿಗೆ ಒಪ್ಪಿಸಿ ಇಬ್ಬರೂ ಬಸ್ಸಿಗೆ ನಿಂತರು. ಅಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಸ್ಟ್ಯಾಂಡು ಮುಟ್ಟಿತ್ತು. "ನಮ್ಮ ಸೊಸಿ ಸಿಟ್ಟು ಇಳಿಯಾಕ ಏನರ ಐತೇನು ಕೇಳ್ರಿ" ಎಂದಳೊಬ್ಬ ಮುದುಕಿ. ಹಿಂದೆಯೇ ಸೊಸೆ ಬಂದು, "ಅತ್ತಿ ಬಾಯಿಗೆ ಮೊದಲು ಕೇಳ್ರಿ" ಎಂದು ಪಿಸುಗುಟ್ಟಿದಳು.

ಸೊಲ್ಲಾಪುರದ ಸಭಾಗೃಹ ದವಾಖಾನೆಗಿಂತ ತಂಪಾಗಿತ್ತು. ಚಪ್ಪಲಿ ಕಳಚಿದವರು ಇವರಿಬ್ಬರೇ. ಸಾಲು ಬೆಂಚುಗಳಲ್ಲಿ ಜನ ಕಂಡು ಪೀರಪ್ಪ, "ಎಷ್ಟ ಪೇಶಂಟ ನೋಡು, ಕೈಗುಣ ಚೊಲೋ ಇರಬೇಕು" ಎಂದು ಮೊದಲ ಸಾಲಿನಲ್ಲೇ ಕೂತ. ಎಲ್ಲರೂ ಎದ್ದು ಹಾಡಿದಾಗ ಇವರೂ ಎದ್ದರು, ಕೂತಾಗ ಕೂತರು.

ಡಾಕ್ಟರ್ ಸುಮಿತ್ರಾಬಾಯಿ ನರೆಗೂದಲಿನ, ಗಿಡ್ಡನೆಯ ಹೆಂಗಸು. ಧ್ವನಿ ಮಾತ್ರ ಬಾವಿಯ ತಳದ ನೀರಿನಂತೆ ತಣ್ಣಗೆ, ಆಳವಾಗಿ. ಮತ್ತೆ ಮತ್ತೆ ಬೇರೆಯವರ ರಕ್ತ ಏರಿಸಿಕೊಂಡೇ ಬದುಕುವ ಮಕ್ಕಳ ನಡುವೆ ಅವರ ಆಯುಷ್ಯ ಕಳೆದಿತ್ತು. ಪ್ರತಿಯೊಂದು ಮಗುವಿನ ಹೆಸರು ಹೇಳುವಾಗ ತಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಹೆಸರು ಹೇಳಿದಂತಿತ್ತು. "ಯೇಸುಸ್ವಾಮಿ ಕುರುಡನನ್ನು ಕಂಡು 'ಅವನ ಹಣೆಬರಹ' ಎಂದು ದಾಟಿಹೋಗಲಿಲ್ಲ, ಕಣ್ಣು ಕೊಟ್ಟ. ರೋಗದ ಬೇರನ್ನೇ ತಿದ್ದುವ ವಿದ್ಯೆ ಈಗ ಬರುತ್ತಿದೆ. ಅದಕ್ಕಾಗಿ ಮೊಣಕಾಲೂರಿ ಸ್ತೋತ್ರ ಹೇಳುವವರಲ್ಲಿ ನಾನು ಮೊದಲಿಗಳು" ಎಂದರು ಮರಾಠಿಯಲ್ಲಿ.

'ತಿದ್ದುವ ವಿದ್ಯೆ' ಎಂಬಷ್ಟೇ ಕೇಳಿ ಪೀರಪ್ಪ ಮೈಲಾರಲಿಂಗನ ಪಕ್ಕೆಗೆ ತಿವಿದ. ಮುಂದೆ ಅವರು 'ಆದರೆ' ಎಂದದ್ದು ಆ ತಿವಿತದಲ್ಲಿ ಕಳೆದುಹೋಯಿತು.

ಕೊನೆಗೆ ಪಾಸ್ಟರ್ ಪ್ರಸಾದ ಪ್ರಶ್ನೆ ಕೇಳುವವರಿಗೆಂದು ಮೈಕು ತಂದದ್ದೇ ತಡ, ಪೀರಪ್ಪ ಕಸಿದುಕೊಂಡ.

"ನಮ್ಮ ನಂಬರ ಯಾವಾಗ್ರಿ? ಇವನ ಹೇಂತಿಗೆ ದಿನಾ ತುಂಬ್ಯಾವ. ಹಡಿಯೂದ್ರಾಗ ಕೂಸಿನ ಕಿವಿ ಸಣ್ಣ ಮಾಡಿಕೊಡ್ರಿ!"

ಕನ್ನಡ ಬಲ್ಲವರು ಮೊದಲು ನಕ್ಕರು. ಅವರು ಮಿಕ್ಕವರಿಗೆ ತಿಳಿಸಿದ ಮೇಲೆ ನಗು ಎರಡನೇ ಸಲ ಎದ್ದಿತು. ಮೈಲಾರಲಿಂಗನ ಕಿವಿಗಳು ಕೆಂಪಾಗಿ ರೈಲು ನಿಲ್ಲಿಸುವ ಬಾವುಟಗಳಂತಾದವು.

ನಗದವರು ಒಬ್ಬರೇ. ಸುಮಿತ್ರಾಬಾಯಿ ವೇದಿಕೆ ಇಳಿದು ಬಂದು ಅವನ ಪಕ್ಕದಲ್ಲೇ ಕೂತರು. "ಯಾವೂರ ತಮ್ಮಾ?"

ಅಚ್ಚ ಅಕ್ಕಲಕೋಟೆಯ ಕನ್ನಡ ಕೇಳಿ ಅವನಿಗೆ ಜೀವ ಬಂತು. "ಕರಜಗಿರಿ, ಡಾಕ್ಟರಬಾಯಿ."

"ಕಿವಿಯಿಂದ ನಿನಗೇನ ತ್ರಾಸ?"

"ತ್ರಾಸ ಏನಿಲ್ರಿ. ಮಂದಿ ನಗತಾರ್ರಿ. ಸಣ್ಣಾಂವಿದ್ದಾಗ ಭಾಳ ಅತ್ತೀನ್ರಿ. ನನ್ನ ಕೂಸು ಅಳಬಾರದು ನೋಡ್ರಿ, ಅಷ್ಟ."

ಸಭೆಯ ನಗು ನಿಂತಲ್ಲೇ ನಿಂತಿತು.

"ಹಂಗಾರ ಜಡ್ಡು ನಿನ್ನ ಕಿವ್ಯಾಗಿಲ್ಲ, ನಗೂ ಮಂದಿ ಬಾಯಾಗ ಐತಿ. ಅದಕ್ಕ ನನ್ನ ಕಡೆ ಇನ್ನೂ ಸೂಜಿ ಬಂದಿಲ್ಲಪಾ" ಎಂದರು ಅವರು. "ಕೂಸಿನ ರಕ್ತಕ್ಕ ಜಡ್ಡಿದ್ರ ನಾ ನಿದ್ದಿಗೆಟ್ಟು ಬಡಿದಾಡತೀನಿ. ಆದ್ರ ಕೂಸಂದ್ರ ಹೊಟೇಲಿನಾಗ ಆರ್ಡರ ಕೊಡೂ ಭಜಿ ಅಲ್ಲ, ದೇವರು ಉಡ್ಯಾಗ ಹಾಕಿದ್ದು. ತನ್ನ ರೂಪದಾಗ ಮನಷಾನ್ನ ಮಾಡ್ಯಾನಂತ ನಮ್ಮ ಗ್ರಂಥ ಹೇಳ್ತದ. ಕಿವಿ ಇಷ್ಟ ಇರಬೇಕಂತ ಎಲ್ಲೂ ಹೇಳಿಲ್ಲ. ಮತ್ತ ಬೀಜಕ್ಕ ಕೈ ಹಚ್ಚಿದ್ರ ಅದು ಮೊಮ್ಮಕ್ಕಳ ಮೊಮ್ಮಕ್ಕಳತನಾ ಹೋಗ್ತದ. ಅವರನ್ನ ಯಾರು ಕೇಳ್ಯಾರು?"

"ಅವರಿಗೂ ಚೊಲೋನ ಆಗ್ತದಲ್ರೀ?" ಪೀರಪ್ಪ ಬಿಡಲಿಲ್ಲ.

"ನಿಮ್ಮ ಮುತ್ತಜ್ಜ ತನಗ ಬೇಕಾದಂಗ ನಿಮ್ಮ ಮೂಗು ಮಾಡಿಸಿಟ್ಟಿದ್ರ ನಡೀತಿತ್ತೇನು?"

ಪೀರಪ್ಪ ಮೂಗು ಮುಟ್ಟಿ ನೋಡಿಕೊಂಡು ಮೈಕು ಕೆಳಗಿಟ್ಟ.

ಆಗಲೇ ಮೈಲಾರಲಿಂಗನ ಫೋನು ಕೂಗಿತು. ರೂಪಾಲಿಗೆ ಗಂಡುಮಗು. ತಾಯಿ-ಕೂಸು ಸುಖ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಸುಮಿತ್ರಾಬಾಯಿ ಅವನ ತಲೆಯ ಮೇಲೆ ಕೈಯಿಟ್ಟರು. "ಕಿವಿ ಹೆಂಗರ ಇರಲಿ, ಅದರಾಗ ಒಳ್ಳೇ ಮಾತು ಬೀಳಲಿ."

ಅಕ್ಕಲಕೋಟೆಯ ಬಸ್ಸಿನಲ್ಲಿ ಪೀರಪ್ಪನ ಪಕ್ಕ ಕೂತ ಮೈಲಾರಲಿಂಗ ಬೇರೆಯೇ ಮನುಷ್ಯ. ಕಿಟಕಿಯ ಗಾಳಿಗೆ ಕಿವಿಗಳನ್ನು ಧಾರಾಳವಾಗಿ ಬಿಟ್ಟ. ಹುಟ್ಟಿದಾಗಿನಿಂದ ಮೊದಲ ಸಲ ಅವು ರೆಕ್ಕೆಗಳಂತೆ ಹಗುರವೆನಿಸಿದವು. ಮೊರದಷ್ಟಿರಲಿ, ಜಮಖಾನೆಯಷ್ಟಿರಲಿ, ಮಗನ ಕಿವಿಗೆ ಮುದ್ದಿಡುತ್ತೇನೆ ಎಂದು ನಿಶ್ಚಯಿಸಿದ.

ದವಾಖಾನೆಯಲ್ಲಿ ಕೂಸಿನ ಕುಂಚಿಗೆ ಸರಿಸಿ ನೋಡಿದರೆ, ಕಿವಿಗಳು ಶೇಂಗಾಬೀಜದಷ್ಟಿದ್ದವು! ತಾಯಿಯ ಪಡಿಯಚ್ಚು. ಅವನು ಕುಣಿಯಬೇಕೆಂದುಕೊಂಡ. ಅಷ್ಟರಲ್ಲಿ ಮೂಲೆಯಲ್ಲಿ ಮುಖ ಗಂಟಿಕ್ಕಿ ಕೂತಿದ್ದ ಜನಾಬಾಯಿ ಕಂಡಳು.

"ಯಾಕ ಯವ್ವಾ?"

"ಕಿವಿಗೆ ನಮ್ಮ ಗುರುತ ಇಲ್ಲದ ಕುರಿಮರಿ ಹಟ್ಟ್ಯಾಗ ಎಂದರ ಸೇರಿಸ್ಕೊಂಡೀವೇನು?" ಕಣ್ಣೊರೆಸಿಕೊಂಡಳು. "ನಿಮ್ಮಪ್ಪ ಹೋದಾಗಿಂದ ಕಾಯಾಕತ್ತೀನಿ, ಆ ಕಿವಿ ಮತ್ತ ಮನ್ಯಾಗ ಓಡ್ಯಾಡೂದು ನೋಡಬೇಕಂತ."

ಸುಮ್ಮನಿರಬೇಕಾದ ಪೀರಪ್ಪ ಸುಮ್ಮನಿರಲಿಲ್ಲ. "ಏನ ಕೈಗುಣ ವೈನಿ! ಸೂಜಿ ಇಲ್ಲ, ಗುಳಗಿ ಇಲ್ಲ. ಸೊಲ್ಲಾಪುರದಾಗ ಆ ಬಾಯಿ ಇವನ ತಲಿ ಮ್ಯಾಲೆ ಕೈ ಇಟ್ಟಳು, ಇಲ್ಲಿ ಕಿವಿ ಸಣ್ಣ ಆದೂ!"

"ಏನು? ನಿಮ್ಮಪ್ಪನ ಕಿವಿ ಅಳಿಸಾಕ ಹೋಗಿದ್ಯಾ?"

"ಇಲ್ಲ ಯವ್ವಾ! ಕೂಸು ದೇವರು ಕೊಟ್ಟಿದ್ದು, ಆರ್ಡರ ಅಲ್ಲ..."

"ದೇವರು ಕೊಟ್ಟಿದ್ರ ಮನಿತನದ ಕಿವಿ ಕೊಡತಿದ್ದ. ಇದು ನೀ ಕೊಟ್ಟ ಆರ್ಡರನ!"

ರೂಪಾಲಿ ಮಂಚದಿಂದಲೇ, "ನನ್ನ ಕಿವಿ ಬಂದ್ರ ಏನಾತ್ರಿ ಅತ್ತಿ?" ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಜನಾಬಾಯಿ ಸೆರಗು ಸಿಕ್ಕಿಸಿ ಎದ್ದಳು. ಎಣ್ಣೆ ಹಚ್ಚಿ ನೀರು ಹಾಕುತ್ತ ಹಸುಗೂಸಿನ ತಲೆ ದುಂಡಗೆ ಮಾಡುವುದರಲ್ಲಿ, ಮೂಗು ತೀಡುವುದರಲ್ಲಿ ಕರಜಗಿಯಲ್ಲಿ ಅವಳಿಗೆ ಸರಿಸಾಟಿ ಇರಲಿಲ್ಲ. ಅರ್ಧ ಊರಿನ ಮೂಗು ಅವಳ ಬೆರಳಿನದೇ.

"ಇರಲಿ, ಇನ್ನೂ ಹಸೀ ಮೈ. ದಿನಾ ನೀರು ಹಾಕೂಮುಂದ ಎರಡೂ ಕಿವಿ ಎಳೀತೀನಿ. ವರ್ಷ ತುಂಬೂದ್ರಾಗ ಸರಿ ಆಗ್ತಾವ."

"ಯವ್ವಾ, ಕೂಸನ್ನ ಯಾರು ಕೇಳ್ಯಾರು?"

"ಅಳತಿ ಬೇಕಲ್ಲ, ನೀ ದಿನಾ ಬಚ್ಚಲದಾಗ ಹಾಜರಿರಬೇಕು. ಬಾ ಇಲ್ಲಿ!" ಎನ್ನುತ್ತ ಮಗನ ಬಲಗಿವಿ ಹಿಡಿದು ಮೊಮ್ಮಗನ ಕೆನ್ನೆಯ ತನಕ ಬಗ್ಗಿಸಿದಳು.

ಕೂಸು ಕೈಯಾಡಿಸಿತು. ಪುಟ್ಟ ಮುಷ್ಟಿಗೆ ಅಪ್ಪನ ಎಡಗಿವಿ ಸಿಕ್ಕಿತು, ಗಟ್ಟಿಯಾಗಿ ಹಿಡಿದುಕೊಂಡಿತು. ಒಂದು ಕಿವಿ ಅವ್ವನ ಕೈಯಲ್ಲಿ, ಇನ್ನೊಂದು ಮಗನ ಕೈಯಲ್ಲಿ. ನಡುವೆ ಮೈಲಾರಲಿಂಗ ಅಳುತ್ತಿದ್ದಾನೋ ನಗುತ್ತಿದ್ದಾನೋ ರೂಪಾಲಿಗೂ ಗೊತ್ತಾಗಲಿಲ್ಲ.